ಅಡುಗೆ ಮಾಡಿದ ಕೈಗೆ

ಗೊಟ್ಟಿಗೆರೆ
15-5-1979, ಮಂಗಳವಾರ

ಪ್ರೀತಿಯ ವಾರಿಜಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾದ ಮೇಲೂ ಒಡೆದು ಓದುತ್ತಿದ್ದೀಯ ಎಂದರೆ ಅರ್ಧ ಕೆಲಸ ಆಯಿತು. ಫೆಬ್ರವರಿಯಿಂದ ನಾವಿಬ್ಬರೂ ಮಾತಾಡಿಲ್ಲ. ಪರೀಕ್ಷೆಯ ಹಾಲಿನಲ್ಲಿ ನೀನು ನನ್ನ ಮುಂದಿನ ಬೆಂಚಿನಲ್ಲೇ ಕೂತಿದ್ದೆ. ನಿನ್ನ ಜಡೆ ನೋಡಿಕೊಂಡೇ ನಾನು ಬಿ.ಎ. ಮುಗಿಸಿದೆ. ಕೊನೆಯ ದಿನ ನೀನೊಮ್ಮೆ ತಿರುಗಿ ನೋಡಿದೆ. ನಾನು ಪೆನ್ನಿನ ಮುಚ್ಚಳ ಹುಡುಕುವವಳ ಹಾಗೆ ಬೆಂಚಿನ ಕೆಳಗೆ ಬಗ್ಗಿದೆ. ಮುಚ್ಚಳ ನನ್ನ ಕೈಯಲ್ಲೇ ಇತ್ತು.

ಕ್ಷಮೆ ಕೇಳುವುದಕ್ಕೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಅದೂ ಇದೆ, ಆದರೆ ಆಮೇಲೆ. ಮೊದಲು ತುರ್ತಿನ ವಿಷಯ. ಈ ಭಾನುವಾರ ನಮ್ಮವ್ವ ನಿಮ್ಮ ಮನೆಗೆ ಬರುತ್ತಾಳಂತೆ. ಗೊಟ್ಟಿಗೆರೆಯಿಂದ ತ್ಯಾಗರಾಜನಗರಕ್ಕೆ, ಎರಡು ಬಸ್ಸು ಹತ್ತಿ ಇಳಿದು, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು, ನಿನಗೆ ಬಡಿಸುವುದಕ್ಕೆ. ನಾನು ಬಿಸಿಲೆಂದೆ. ನಿಮ್ಮ ಮನೆಯವರೆಲ್ಲ ಊರಿಗೆ ಹೋಗಿದ್ದಾರೆಂದೆ. ಹಾಗಾದರೆ ಬರುವ ತನಕ ಪ್ರತಿ ಭಾನುವಾರವೂ ಹೋಗಿ ನೋಡುತ್ತೇನೆ ಎಂದಳು. ನಮ್ಮವ್ವ ಸಪ್ಪಲಮ್ಮನನ್ನು ನೀನು ನೋಡಿಲ್ಲ. ಹಿಡಿದ ಹಟ ಬಿಡುವವಳಲ್ಲ.

ಅವಳು ಬರುತ್ತಿರುವುದು ನೀನು ಬರೆದ ಒಂದು ಚೀಟಿಗಾಗಿ. ಅದರ ಕಥೆ ಹೇಳಬೇಕಾದರೆ ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡ. ನೀನು ನೋಡಿದ್ದು ಕಾಲೇಜಿನ ಊಟದ ಮೇಜಿನ ಮೇಲೆ ನಡೆದದ್ದನ್ನು ಮಾತ್ರ. ಮೇಜಿಗೆ ಬರುವ ಮುಂಚೆ ನಾನು ಏನೇನು ಮಾಡಿದೆ ಎಂಬುದು ನಿನಗೆ ಗೊತ್ತಿಲ್ಲ.

ನಮ್ಮ ಪಾದ್ರಿ ಕಾಲೇಜನ್ನು ಜಯನಗರದ ಹುಡುಗಿಯರು ಕಾಲೇಜೆಂದೇ ಒಪ್ಪುತ್ತಿರಲಿಲ್ಲ. ಇನ್ನೂರು ಜನ ವಿದ್ಯಾರ್ಥಿಗಳು, ಮೂರು ಹೆಂಚಿನ ಕಟ್ಟಡ, ಹುಡುಗರಿಗೊಂದು ಹಾಸ್ಟೆಲ್ಲು, ಒಂದು ಚಾಪೆಲ್ಲು, ಒಂದು ಮೈದಾನ. ಕಳೆದ ಜೂನಿನಲ್ಲಿ ಫಾದರ್ ಮಸ್ಕರೇನಸ್ ಪ್ರಿನ್ಸಿಪಾಲರಾಗಿ ಬಂದು, ನಿಲುವಂಗಿ ಎತ್ತಿ ಕಟ್ಟಿಕೊಂಡು ಫುಟ್‌ಬಾಲ್ ಆಡಲು ಇಳಿದಾಗ ಹುಡುಗರಿಗಿಂತ ಹೆಚ್ಚು ನಕ್ಕವಳು ನೀನು. ಅವರು ಎರಡು ಅಭ್ಯಾಸ ಹಾಕಿದರು. ಸಂಜೆ ಕಾಲೇಜು ಬಿಡುವ ಮುಂಚೆ ಐದು ನಿಮಿಷ ಎಲ್ಲರೂ ಕೂತಲ್ಲೇ ಮೌನ. ಯಾವ ದೇವರ ಹೆಸರೂ ಇಲ್ಲ. ಈ ದಿನ ಏನು ಸಿಕ್ಕಿತು ಎಂದು ಮೊದಲು ನೆನೆಯಿರಿ, ಎಲ್ಲಿ ಜಾರಿದಿರಿ ಎಂದು ಆಮೇಲೆ ನೆನೆಯಿರಿ ಎನ್ನುತ್ತಿದ್ದರು. ಜೆಸ್ವಿಟ್ ಪಾದ್ರಿಗಳು ನೂರಾರು ವರ್ಷಗಳಿಂದ ದಿನವೂ ಮಾಡುವ ಲೆಕ್ಕಾಚಾರವಂತೆ ಅದು.

ಎರಡನೆಯದು ಮೊದಲ ಶುಕ್ರವಾರದ ಊಟ. ತಿಂಗಳ ಮೊದಲ ಶುಕ್ರವಾರ ಕ್ರಿಶ್ಚಿಯನ್ ಹುಡುಗರಿಗೆ ಚಾಪೆಲ್ಲಿನಲ್ಲಿ ಪೂಜೆ ಮುಗಿದ ಮೇಲೆ ನಾವೆಲ್ಲ ನಮ್ಮ ನಮ್ಮ ಡಬ್ಬಿಗಳನ್ನು ಹಾಲಿನ ಉದ್ದ ಮೇಜಿನ ಮೇಲೆ ಇಡಬೇಕು. ಯಾರೂ ಹಿಂಜರಿಯದಿರಲೆಂದು ಅಂದು ಮಾಂಸ, ಮೀನು, ಮೊಟ್ಟೆ ಇಲ್ಲ. ಚೀಟಿ ಎತ್ತಿ ಯಾವ ನಂಬರು ಬರುತ್ತದೋ ಆ ಡಬ್ಬಿಯನ್ನು ಊಟ ಮಾಡಬೇಕು. ತೊಳೆದು, ಒಳಗೊಂದು ಕಾಗದ ಇಟ್ಟು ಹಿಂದಿರುಗಿಸಬೇಕು. ಕಾಗದದ ತಲೆಯ ಮೇಲೆ ಎಲ್ಲರೂ ಬರೆಯಬೇಕಾದದ್ದು ಒಂದೇ: ಅಡುಗೆ ಮಾಡಿದ ಕೈಗೆ. ಹೀಗೆ ಇನ್ನೂರು ಅಡುಗೆಮನೆಗಳಿಗೆ ಇನ್ನೂರು ಪತ್ರ ಹೋಗುತ್ತಿದ್ದವು. ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ನಾನು ಕಂಡಿಲ್ಲ. ಅದನ್ನು ಕೆಡಿಸಿದವಳೂ ನಾನೊಬ್ಬಳೇ ಇರಬೇಕು.

ಜುಲೈಯ ಮೊದಲ ಶುಕ್ರವಾರ ಅವ್ವ ನಾಲ್ಕು ಗಂಟೆಗೇ ಎದ್ದಳು. ಬೆಳಗಿನಿಂದ ಸಂಜೆಯವರೆಗೆ ಊದುಬತ್ತಿ ಹೊಸೆಯುವ ಕೈ ಅದು, ಎಷ್ಟು ಉಜ್ಜಿದರೂ ಕರಿ ಹೋಗುವುದಿಲ್ಲ. ಬೂದಿ, ಹುಣಿಸೆಹಣ್ಣು, ಸೋಪು ಎಲ್ಲ ಹಾಕಿ ತೊಳೆದುಕೊಂಡು ಹುರುಳಿಕಾಳಿನ ಬಸ್ಸಾರು ಮಾಡಿ, ಪಲ್ಯ ಮಾಡಿ, ಎರಡು ಮುದ್ದೆ ಕಟ್ಟಿ, ಮೇಲೆ ತುಪ್ಪ ಬಿಟ್ಟಳು. ನಮ್ಮ ಮನೆಯಲ್ಲಿ ಆ ದಿನ ಇದ್ದ ತುಪ್ಪ ಅಷ್ಟೇ. ನನ್ನ ಡಬ್ಬಿ ಕಾಮರ್ಸಿನ ಒಬ್ಬ ಹುಡುಗನಿಗೆ ಹೋಯಿತು. ಅವನು ಮುಚ್ಚಳ ತೆಗೆದ. ಮುದ್ದೆ ನೋಡಿದ, ಆಚೀಚೆ ನೋಡಿದ, ಮುಚ್ಚಿದ. ಎದ್ದು ಹಾಸ್ಟೆಲ್ಲಿನ ಕಡೆ ಹೋದ. ಕೆಟ್ಟವನಿರಲಾರ. ಅಗಿಯದೆ ನುಂಗುವುದು ಹೇಗೆಂದು ಗೊತ್ತಿರಲಿಲ್ಲವೇನೋ. ಒಳಗಿಟ್ಟಿದ್ದ ಕಾಗದದಲ್ಲಿ 'ಧನ್ಯವಾದಗಳು' ಎಂದಷ್ಟೇ ಇತ್ತು, ಡಬ್ಬಿ ಹಾಗೇ ತುಂಬಿತ್ತು.

ನಮ್ಮೂರಿಗೆ ಮುಂಚೆಯೇ ಹುಳಿಮಾವಿನಲ್ಲಿ ಬಸ್ಸಿಳಿದು ಕೆರೆ ಏರಿಯ ಮೇಲೆ ಕೂತು ಆ ತಣ್ಣಗಿನ ಮುದ್ದೆಯನ್ನು ನಾನೇ ಉಂಡೆ. ಮನೆಯಲ್ಲಿ ಓದು ಬರುವವಳು ನಾನೊಬ್ಬಳೇ. ಅವ್ವ ಕಾಗದವನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು. ನಾನು ಅದನ್ನು ನೋಡುತ್ತ, ಬಸ್ಸಾರು ತುಂಬ ಚೆನ್ನಾಗಿತ್ತು, ಮುದ್ದೆ ಬೆಣ್ಣೆಯ ಹಾಗಿತ್ತು ಎಂದು ಓದಿದೆ. ಇನ್ನೊಂದು ಸಲ ಓದಿಸಿದಳು. ಎರಡನೆಯ ಸಲ ಇನ್ನೂ ಸ್ವಲ್ಪ ಸೇರಿಸಿದೆ.

ಆಗಸ್ಟಿನಿಂದ ಹೊಸ ಉಪಾಯ. ಶುಕ್ರವಾರ ಬೇಗ ಬಂದು, ಸೈಕಲ್ ಶೆಡ್ಡಿನ ಹಿಂದೆ ಕೂತು ಅವ್ವನ ಊಟವನ್ನು ನಾನೇ ಮುಗಿಸುತ್ತಿದ್ದೆ. ನಲ್ಲಿಯಲ್ಲಿ ಡಬ್ಬಿ ತೊಳೆದು ಹಾಸ್ಟೆಲ್ ಅಡುಗೆಯ ಬೈಲಪ್ಪನವರ ಹತ್ತಿರ ಹೋಗುತ್ತಿದ್ದೆ. ನಮ್ಮವ್ವನಿಗೆ ಜ್ವರ, ಅಡುಗೆ ಮಾಡಿಲ್ಲ, ಬರಿ ಡಬ್ಬಿ ಹೇಗೆ ಇಡಲಿ ಎಂದು ಮೊದಲ ಸಲ ಹೇಳುವಾಗ ನಾಲಿಗೆ ತೊದಲಿತು. ಆಮೇಲೆ ತೊದಲಲಿಲ್ಲ. ಅವರು ಪಾಪ, ಒಂದು ತಿಂಗಳು ಪುಳಿಯೋಗರೆ, ಒಂದು ತಿಂಗಳು ಉಪ್ಪಿಟ್ಟು, ಅಂದು ಇದ್ದದ್ದನ್ನು ತುಂಬಿ ಕೊಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ನನ್ನ ಡಬ್ಬಿಯ ನಂಬರು ನಿನಗೆ ಬಂತು. ನೀನು ಕಂಬದ ಪಕ್ಕ ಕೂತು ಊಟ ಮಾಡಿದ್ದನ್ನು ನಾನು ದೂರದಿಂದ ನೋಡುತ್ತಿದ್ದೆ. ಒಂದು ಅಗುಳೂ ಬಿಡಲಿಲ್ಲ ನೀನು. ಮುಚ್ಚಳದ ಒಳಗೆ ಕೊರೆಸಿದ್ದ ನನ್ನ ಹೆಸರು ನೋಡಿ, ನನ್ನತ್ತ ತಿರುಗಿ ಕೈಯೆತ್ತಿ ನಕ್ಕೆ. ಆ ದಿನದ ಕಾಗದ ಇದೋ ನನ್ನ ಮುಂದಿದೆ, ನೀನೇ ಬರೆದದ್ದು, ನಿನಗೆ ಮರೆತಿರಬಹುದು:

'ಅಡುಗೆ ಮಾಡಿದ ಕೈಗೆ. ಅಮ್ಮಾ, ಚಿತ್ರಾನ್ನಕ್ಕೆ ನಿಂಬೆಹಣ್ಣು ಹದವಾಗಿ ಬಿದ್ದಿತ್ತು. ನಮ್ಮ ಮನೆಯ ಒಗ್ಗರಣೆ ಇಷ್ಟು ಚೆನ್ನಾಗಿ ಬರುವುದಿಲ್ಲ, ಇದು ನಮ್ಮಮ್ಮನ ಕಿವಿಗೆ ಬೀಳದಿರಲಿ. ಕಮಲ ನನ್ನ ಜೀವದ ಗೆಳತಿ, ಆದರೂ ನಿಮ್ಮ ಬಗ್ಗೆ ಬಾಯಿಬಿಟ್ಟು ಒಂದು ಮಾತೂ ಹೇಳುವುದಿಲ್ಲ. ನೀವೇ ಒಮ್ಮೆ ಕರೆಯಿರಿ, ಬರುತ್ತೇನೆ. ವಾರಿಜಾ.'

ಚಿತ್ರಾನ್ನ ಬೈಲಪ್ಪನವರದು. ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವ್ವನಿಗೆ ನಾನು ಚಿತ್ರಾನ್ನವನ್ನು ಮುದ್ದೆ ಮಾಡಿ ಓದಿದೆ, ನಿಂಬೆಹಣ್ಣನ್ನು ಹುಣಿಸೆ ಮಾಡಿ ಓದಿದೆ. ಜೀವದ ಗೆಳತಿ ಎಂಬುದನ್ನು ಇದ್ದ ಹಾಗೇ ಓದಿದೆ. ಕೊನೆಯ ಸಾಲನ್ನು ಓದಲೇ ಇಲ್ಲ.

ಅಂದಿನಿಂದ ಅವ್ವನ ಬಾಯಲ್ಲಿ ನಿನ್ನದೇ ಹೆಸರು. ಬ್ರಾಹ್ಮಣರ ಹುಡುಗಿ ನನ್ನ ಮುದ್ದೆ ಉಂಡು ಕಾಗದ ಬರೆದಳು ಎಂದು ಕೇರಿಯ ಯಾವ ಮನೆಗೂ ಹೇಳದೆ ಬಿಟ್ಟಿಲ್ಲ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವನು, ಉಂಡರೆ ಉಂಡಳು, ಅದರಲ್ಲೇನು ದೊಡ್ಡಸ್ತಿಕೆ ಎಂದು ರೇಗಿದ. ಆ ಹುಡುಗಿಯ ಜಾತಿಗಲ್ಲ, ಹುಣಿಸೆ ಹದ ಗೊತ್ತಿರುವ ನಾಲಿಗೆಗೆ ಸಂತೋಷ ಪಡುತ್ತಿದ್ದೇನೆ ಎಂದಳು ಅವ್ವ. ಹುಣಿಸೆ ಹಾಕಿದವಳು ನಾನು, ವಾರಿಜಾ. ಸಂಜೆಯ ಐದು ನಿಮಿಷದ ಮೌನದಲ್ಲಿ ಕಣ್ಣು ಮುಚ್ಚಿಕೊಂಡು ನಾನು ಬಸ್ಸಿನ ಟೈಮು ಯೋಚಿಸುತ್ತಿದ್ದೆ, ಬೇರೆ ಏನು ಯೋಚಿಸಿದರೂ ಈ ಹುಣಿಸೆಯೇ ನೆನಪಿಗೆ ಬರುತ್ತಿತ್ತು.

ಫೆಬ್ರವರಿಯದು ನಿನಗೆ ಗೊತ್ತು. ಬೈಲಪ್ಪನವರು ತಡೆಯಲಾರದೆ ಫಾದರ್ ಹತ್ತಿರ ಹೋಗಿ, ಆ ಹುಡುಗಿಯ ತಾಯಿಗೆ ಆಗಸ್ಟಿನಿಂದ ಜ್ವರ ಬಿಟ್ಟಿಲ್ಲ ಎಂದರು. ಅಂದು ಸಂಜೆಯ ಮೌನಕ್ಕೆ ಮುಂಚೆ ಫಾದರ್ ಎದ್ದು ನಿಂತು, ಕಮಲಾದೇವಿಯ ತಾಯಿಯ ಆರೋಗ್ಯಕ್ಕಾಗಿ ನಿಮ್ಮ ನಿಮ್ಮ ದೇವರನ್ನು ಬೇಡಿಕೊಳ್ಳಿ ಎಂದುಬಿಟ್ಟರು. ಇನ್ನೂರು ತಲೆ ಬಗ್ಗಿದವು. ಆ ಹೊತ್ತಿಗೆ ನಮ್ಮವ್ವ ಗೊಟ್ಟಿಗೆರೆಯ ಜಗುಲಿಯಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ನಗು ಬರಬೇಕು, ಅಲ್ಲವೇ? ನನಗೆ ಇಂದಿಗೂ ಬಂದಿಲ್ಲ.

ನೀನು ಓಡಿಬಂದೆ. ಇಷ್ಟು ದಿನ ನನಗೊಂದು ಮಾತು ಹೇಳಲಿಲ್ಲವಲ್ಲ ಎಂದು ಅತ್ತೆ, ಈಗಲೇ ನಿನ್ನ ಜೊತೆ ಬಂದು ಅವರನ್ನು ನೋಡುತ್ತೇನೆ ಎಂದೆ. ನೀನು ಬಂದರೆ ಅವ್ವನ ಕಾಯಿಲೆಯೂ ಇಲ್ಲ, ನೀನು ಉಂಡ ಮುದ್ದೆಯೂ ಇಲ್ಲ, ಎರಡೂ ಒಂದೇ ಜಗುಲಿಯ ಮೇಲೆ ಬಯಲಾಗುತ್ತವೆ. ನಮ್ಮನೆಗೆ ಯಾರೂ ಬರಬೇಕಾಗಿಲ್ಲ, ನೀನಂತೂ ಬೇಡ ಎಂದು ನಾನು ಅಂದುಬಿಟ್ಟೆ. ನಿನ್ನ ಮುಖ ಕೆಂಪಾಯಿತು. ನೀನು ಮೆಲ್ಲಗೆ ಕೇಳಿದ್ದು ಇಷ್ಟೇ.

"ನಿಮ್ಮನೇಲಿ ನೀರು ಕುಡಿಯಲ್ಲ ಅಂದ್ಕೊಂಡಿದ್ದೀಯಾ ನನ್ನ?"

ನಾನು ಹೌದೆಂದೆ.

ಹೌದೆನ್ನುವಾಗ ನನಗೆ ಗೊತ್ತಿತ್ತು ಅದು ಸುಳ್ಳೆಂದು. ಶನಿವಾರ ಶನಿವಾರ ಫಾದರ್ ನಮ್ಮಿಬ್ಬರನ್ನು ಹೊಸಕೆರೆಹಳ್ಳಿಗೆ ಮಕ್ಕಳಿಗೆ ಪಾಠ ಹೇಳಲು ಕಳಿಸುತ್ತಿದ್ದಾಗ, ನಮ್ಮಂಥದೇ ಒಂದು ಕೇರಿಯಲ್ಲಿ ಯಲ್ಲಮ್ಮ ಎನ್ನುವ ಅಜ್ಜಿ ರಾಗಿರೊಟ್ಟಿ ಕೊಟ್ಟರೆ ನೀನು ನಿಂತಲ್ಲೇ ತಿಂದೆ, ಕೇಳಿ ಇನ್ನೊಂದು ಈಸಿಕೊಂಡೆ. ಅದನ್ನು ನೋಡಿದ ಮೇಲೂ ನಿನ್ನನ್ನು ಹಾಗೆಂದೆ. ನನ್ನ ನಾಚಿಕೆಯನ್ನು ತೆಗೆದು ನಿನ್ನ ತಲೆಯ ಮೇಲೆ ಇಟ್ಟು, ನಾನು ನೊಂದವಳ ಹಾಗೆ ನಡೆದುಹೋದೆ. ಮಾರ್ಚಿನ ಶುಕ್ರವಾರ ಹೊಟ್ಟೆನೋವೆಂದು ಮನೆಯಲ್ಲೇ ಉಳಿದೆ.

ನಿಮ್ಮ ಮನೆಗೆ ನಾನು ಬಂದದ್ದು ಒಂದೇ ಸಲ. ನಿಮ್ಮಮ್ಮ ಕಾತ್ಯಾಯಿನಿಯವರು ಕಾಫಿ ಕೊಟ್ಟರು. ನಾನು ಲೋಟ ತೊಳೆದಿಡಲೆಂದು ಅಡುಗೆಮನೆಯ ಬಾಗಿಲಿಗೆ ಬಂದಾಗ, ಅಲ್ಲೇ ಇರಲಮ್ಮ, ನಾನು ತಗೊಳ್ತೀನಿ ಎಂದರು. ಅದು ಉಪಚಾರವೋ, ಗೆರೆಯೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿಯದು. ಈಗ ಅದೇ ಬಾಗಿಲಿಗೆ ನಮ್ಮವ್ವ ಡಬ್ಬಿ ಹಿಡಿದು ಬಂದು ನಿಲ್ಲುತ್ತಾಳೆ. ಕಾಲೇಜು ಮುಗಿಯಿತು, ಇನ್ನು ಡಬ್ಬಿ ಹೋಗುವುದಿಲ್ಲ, ಕಾಗದ ಬರುವುದಿಲ್ಲ, ಅದಕ್ಕೆ ಒಂದು ಸಲ ನನ್ನ ಕೈಯಾರೆ ಆ ಮಗುವಿಗೆ ಬಡಿಸಬೇಕು ಎನ್ನುತ್ತಾಳೆ. ನೀನು ಮುಚ್ಚಳ ತೆಗೆದು, ಇದೇನು ಇದು, ಅಂದು ಚಿತ್ರಾನ್ನವಲ್ಲವೇ ಎಂದರೆ ಅವಳು ಏನಾಗಬೇಕು?

ಅದಕ್ಕೇ ಕೇಳುತ್ತೇನೆ. ಈ ಒಂದು ಸಲ ನನ್ನನ್ನು ಕಾಪಾಡು. ಅವಳು ಬಂದಾಗ, ಹೋದ ಸಲದ ಹಾಗೇ ಇದೆ ಅಮ್ಮಾ, ಅದೇ ರುಚಿ ಎನ್ನು. ಜ್ವರದ ಮಾತು ಎತ್ತಬೇಡ. ಇಷ್ಟು ಮಾಡಿದರೆ ಸಾಕು, ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ.

ಗುರುವಾರ, 17ನೇ ತಾರೀಕು

ಮೇಲಿನದನ್ನು ನಾನು ಪೋಸ್ಟ್ ಮಾಡಲಿಲ್ಲ. ಹರಿಯಲೂ ಇಲ್ಲ, ನಾನು ಎಂಥವಳೆಂದು ನೀನು ನೋಡಬೇಕು ಎಂದು ಹಾಗೇ ಬಿಟ್ಟಿದ್ದೇನೆ.

ನಿನ್ನೆ ಬೆಳಿಗ್ಗೆ ಕಾಗದ ಹಿಡಿದು ಡಬ್ಬಿಯ ತನಕ ಹೋದೆ, ಅಂಚೆ ಡಬ್ಬಿಯ ತನಕ. ಕವರನ್ನು ಅರ್ಧ ಒಳಗೆ ಹಾಕಿ ನಿಂತೆ. ಇದುವರೆಗೆ ಸುಳ್ಳು ಹೇಳಿದವಳು ನಾನೊಬ್ಬಳು, ಇನ್ನು ನಿನಗೂ ಕಲಿಸುತ್ತಿದ್ದೇನೆ, ಅದೂ ನನಗೆ ಒಮ್ಮೆಯೂ ಸುಳ್ಳಾಡದ ನಿನಗೆ. ಇಷ್ಟೆಲ್ಲ ಮಾಡಿ ಕಾಪಾಡುತ್ತಿರುವುದು ಅವ್ವನನ್ನಲ್ಲ, ನನ್ನನ್ನು. ಕವರನ್ನು ಎಳೆದುಕೊಂಡು ಮನೆಗೆ ಬಂದೆ.

ಅವ್ವ ಜಗುಲಿಯಲ್ಲಿ ಮಣೆ ಇಟ್ಟುಕೊಂಡು ಹೊಸೆಯುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಜುಲೈಯ ಹುಡುಗ, ಸೈಕಲ್ ಶೆಡ್ಡು, ಬೈಲಪ್ಪ, ಜ್ವರ, ನೀನು, ಫೆಬ್ರವರಿ. ಹೇಳಿ ಮುಗಿಯುವ ತನಕ ಅವಳ ಕೈ ನಿಲ್ಲಲಿಲ್ಲ. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ನಾನು ಮಾಡಿಕೊಟ್ಟ ಊಟ ಎಲ್ಲಿ ಚೆಲ್ಲುತ್ತಿದ್ದೆ ಎಂದಷ್ಟೇ ಕೇಳಿದಳು. ಚೆಲ್ಲಲಿಲ್ಲ, ನಾನೇ ಉಂಡೆ ಎಂದೆ. ಆಗ ಕಡ್ಡಿ ಕೆಳಗಿಟ್ಟಳು.

"ಆ ಹುಡ್ಗ ಮುಚ್ಚಿಟ್ಟಿದ್ದು ಒಂದಿನ ಕಣವ್ವ. ನೀನು ವರ್ಷವೆಲ್ಲ ಮುಚ್ಚಿಟ್ಟೆ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಆಮೇಲೆ ಒಳಗಿನಿಂದ ನಿನ್ನ ಕಾಗದ ತಂದಳು. ಇದರಲ್ಲಿ ಇರುವುದನ್ನು ಇದ್ದ ಹಾಗೆ ಓದು ಎಂದಳು. ಓದಿದೆ. ಚಿತ್ರಾನ್ನ ಎಂದಾಗ ತಲೆ ಆಡಿಸಿದಳು. ನಿಮ್ಮಮ್ಮನ ಒಗ್ಗರಣೆಯ ವಿಷಯಕ್ಕೆ ಸ್ವಲ್ಪ ನಕ್ಕಳೆಂದೇ ನನಗೆ ಅನ್ನಿಸಿತು. ಕೊನೆಯ ಸಾಲು ಬಂತು. ನೀವೇ ಒಮ್ಮೆ ಕರೆಯಿರಿ, ಬರುತ್ತೇನೆ. ಇದನ್ನು ಯಾವಾಗ ಬರೆದದ್ದು ಎಂದು ಕೇಳಿದಳು. ಸೆಪ್ಟೆಂಬರಿನಲ್ಲಿ ಎಂದೆ. ಬೆರಳು ಮಡಿಸಿ ತಿಂಗಳು ಎಣಿಸಿದಳು.

ನಾನು ಕರೆಯುತ್ತೇನೆಂದು ಕಾದಿದ್ದ ಮಗುವಿನ ಮನೆಗೆ ಕರೆಯದೆ ನಾನೇ ನುಗ್ಗುವುದು ಹೇಗೆ, ಈಗ ಕರೆಯುವುದೇ ಮರ್ಯಾದೆ ಎಂದಳು. ಅವಳು ಬರುವುದು ನಿಂತಿತು. ಕರೆಯುವುದು ನನ್ನ ಪಾಲಿಗೆ ಬಂತು.

ಆದ್ದರಿಂದ ಮಂಗಳವಾರ ಕೇಳಿದ್ದನ್ನೆಲ್ಲ ಬಿಡು. ಈ ಭಾನುವಾರ ಗೊಟ್ಟಿಗೆರೆಗೆ ಬಾ, ನಮ್ಮ ಮನೆಯ ಊಟಕ್ಕೆ. ಹನ್ನೊಂದು ಗಂಟೆಯಿಂದ ನಾನು ಬಸ್ ಸ್ಟಾಪಿನ ಹತ್ತಿರ ನಿಂತಿರುತ್ತೇನೆ. ಈ ಕಾಗದ ಸಿಗುವಷ್ಟರಲ್ಲಿ ಶನಿವಾರ ಆಗಿರುತ್ತದೆ, ಯೋಚನೆ ಮಾಡಲು ನಿನಗೆ ಒಂದೇ ರಾತ್ರಿ ಇರುತ್ತದೆ. ನಾನು ನಿನಗೆ ಅಂದದ್ದು ಸಣ್ಣ ಮಾತಲ್ಲ. ನೀನು ಹಾಗಲ್ಲವೆಂದು ಗೊತ್ತಿದ್ದೇ ಅಂದೆ, ಅದಕ್ಕೆ ಕ್ಷಮಿಸು ಎನ್ನುವುದು ಬಿಟ್ಟು ಬೇರೆ ಮಾತು ನನಗೆ ಬರುತ್ತಿಲ್ಲ. ಬರದಿದ್ದರೆ ನೀನು ಮಾಡಿದ್ದು ತಪ್ಪೆಂದು ಖಂಡಿತ ಎಣಿಸುವುದಿಲ್ಲ. ಅವ್ವನಿಗೆ ಕಾರಣವನ್ನೂ ಇದ್ದ ಹಾಗೇ ಹೇಳುತ್ತೇನೆ.

ಬೈಲಪ್ಪನವರಿಗೆ ಮತ್ತು ಫಾದರ್‌ಗೆ ಸೋಮವಾರ ಹೋಗಿ ಹೇಳಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ, ಅದೇ ಎಲ್ಲಕ್ಕಿಂತ ಕಷ್ಟದ್ದು. ತಲೆ ಎತ್ತಿ ನಡೆಯಲಿ ಎಂದು ಓದಿಸಿದ ಮಗಳು ಡಬ್ಬಿಯ ಮುಚ್ಚಳ ಎತ್ತಲು ಹೆದರಿದಳು ಎಂದು ಅವನಿಗೆ ಹೇಗೆ ಹೇಳಲಿ? ಹೇಳುತ್ತೇನೆ.

ನಿನ್ನ ದಾರಿ ನೋಡುವ,
ಕಮಲ

ಮರೆತ ಮಾತು: ಮುಂದಿನದು ಅವ್ವ ಹೇಳಿ ಬರೆಸುತ್ತಿರುವುದು. ಒಂದಕ್ಷರವನ್ನೂ ಬದಲಾಯಿಸುತ್ತಿಲ್ಲ, ಬದಲಾಯಿಸಬೇಕು ಅನ್ನಿಸಿದ ಕಡೆಯೂ.

"ವಾರಿಜವ್ವಾ, ನಾನು ಸಪ್ಪಲಮ್ಮ. ನಂಗೆ ಜ್ವರ ಗಿರ ಏನೂ ಇಲ್ಲ, ಗಾಬ್ರಿ ಬೀಳ್ಬ್ಯಾಡ. ಭಾನ್ವಾರ ಬಾ. ನಿಮ್ಮವ್ವನ್ನೂ ಕರ್ಕಂಡ್ ಬಾ. ಅವ್ರು ಬರಾಕಿಲ್ಲ ಅಂದ್ರೆ ಬಲವಂತ ಮಾಡ್ಬ್ಯಾಡ, ನೀನೊಬ್ಳೇ ಬಾ. ಮುದ್ದೆ ನುಂಗಾದು ನಾನು ಹೇಳ್ಕೊಡ್ತೀನಿ. ಇನ್ನೊಂದು ಮಾತು, ಇವ್ಳು ಇದ್ನ ಬರ್ದಿರಾಕಿಲ್ಲ. ನಿನ್ ಜತೆ ಮಾತು ಬಿಟ್ಟಾಗಿಂದ ಇವ್ಳು ಶನಿವಾರ ಶನಿವಾರ ಹೊಸಕೆರೆಹಳ್ಳಿಗೆ ಒಬ್ಳೇ ಹೋಯ್ತಾವ್ಳೆ, ನೀನು ಬಂದಿರ್ತೀಯೇನೋ ಅಂತ. ಬಂದು ನಂಗೆ ಏನೂ ಹೇಳಾಕಿಲ್ಲ, ಗ್ವಾಡೆ ಕಡೆ ಮಕ ಮಾಡ್ಕಂಡ್ ಮಲಿಕತಾಳೆ. ಅದ್ಕೇ ಹೇಳ್ದೆ. ಭಾನ್ವಾರ ಉಂಡಾದ್ ಮ್ಯಾಲೆ ಚೀಟಿ ಬರೀಬ್ಯಾಡ. ಚೆಂದಾಗಿದ್ರೆ ಚೆಂದಾಗೈತೆ ಅನ್ನು, ಉಪ್ಪು ಕಮ್ಮಿ ಇದ್ರೆ ಕಮ್ಮಿ ಅನ್ನು. ನನ್ ಮಕ ನೋಡ್ಕಂಡು ಅನ್ನು. ಈ ಹುಡ್ಗಿ ಓದಿ ಹೇಳಾದ್ನ ನಾನಿನ್ನು ನಂಬಾಕಿಲ್ಲ."